ಶರೀಫಮ್ಮನ ಕೈಮೇಲಿನ ಬಾಲ

ಕೊಟ್ಟೂರಿನಲ್ಲಿ ಹಳೆ ಸೀರೆಗಳ ಕೌದಿ ಹೊಲಿಯುವ ಶರೀಫಾ ಬೀಯವರ ಎಡ ಮುಂಗೈ ಮೇಲೆ ಹಲ್ಲಿಯ ಬಾಲವೊಂದಿದೆ. ಬರೀ ಬಾಲ. ಹೆಬ್ಬೆರಳಿನಷ್ಟು ಉದ್ದದ, ಡೊಂಕಾದ ಹಸಿರು ಹಚ್ಚೆ ಗೆರೆ. ನೋಡಿದವರು ನರ ಉಬ್ಬಿದೆ ಅಂದುಕೊಳ್ಳುತ್ತಾರೆ. ನಾನೂ ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

ಇಡೀ ಹಲ್ಲಿ ಇದ್ದದ್ದು ನಮ್ಮ ಅಜ್ಜಿ ಈರಕ್ಕನ ಕೈಮೇಲೆ. ನಾನು ಊಟಕ್ಕೆ ಹಟ ಮಾಡಿದರೆ ಅಜ್ಜಿ ಕೈ ಅಲುಗಿಸಿ ಅದನ್ನು ಓಡಿಸುತ್ತಿದ್ದಳು. ನಿದ್ದೆ ಬರುವ ತನಕ ಅದರ ಬೆನ್ನಿನ ಚುಕ್ಕೆ ಎಣಿಸುತ್ತಿದ್ದೆ. ಅಜ್ಜಿ ತೀರಿಕೊಂಡು ಮೂರು ತಿಂಗಳಿಗೆ, ಆ ಹಲ್ಲಿ ನನ್ನ ಕೈಮೇಲೂ ಬೇಕು ಅನಿಸಿತು. ಆದರೆ ಮನೆಯ ಫೋಟೊಗಳಲ್ಲೆಲ್ಲ ಅಜ್ಜಿಯ ಕೈ ಸೆರಗಿನೊಳಗೇ. ನನ್ನ ಮೊಬೈಲಿನಲ್ಲಿರುವುದು ಬರೀ ನನ್ನ ಮೋರೆ. ನನಗೆ ನಾನೇ ಎಷ್ಟು ಬೈದುಕೊಂಡರೂ ಸಾಲದು.

ಟ್ಯಾಟೂ ಅಂಗಡಿಯ ಹುಲುಗೇಶ ಒಂದಾದ ಮೇಲೊಂದು ಚಿತ್ರ ತೋರಿಸಿದ. “ಹಾವು ಹಾಕಿಸ್ಕೊಳ್ರಿ ಮೇಡಂ, ಧೈರ್ಯ. ಆಮಿ ಅಂದ್ರ ಆಯುಷ್ಯ. ಡ್ರ್ಯಾಗನ್ ಭಾಳ ನಡಿತೈತಿ.”

“ಹಲ್ಲಿಗೇನು ಅರ್ಥ?”

ಫೋನು ತಡಕಿದ. “ಮರುಹುಟ್ಟು ಅಂತ ಐತ್ರಿ.”

ಅವನ ಹಲ್ಲಿ ಮೊಸಳೆಮರಿಯ ಹಾಗಿತ್ತು. ಅಜ್ಜಿ ನೋಡಿದ್ದರೆ ಪೊರಕೆ ತರುತ್ತಿದ್ದಳು. ಸಿಟ್ಟಿನಿಂದ ಎದ್ದು ನೇರ ಶರೀಫಮ್ಮನ ಮನೆಗೆ ನಡೆದೆ. ಅಜ್ಜಿಯ ಬಾಲ್ಯದ ಗೆಳತಿ, ಆ ಕೈಯನ್ನು ಅವರಷ್ಟು ನೋಡಿದವರು ಬೇರೆ ಯಾರಿದ್ದಾರೆ?

ನಾನು ಕೇಳಿದ್ದೇ ತಡ, ಶರೀಫಮ್ಮ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ತಮ್ಮ ಕೈ ಚಾಚಿದರು. “ಇದು ಏನಂದ್ಕೊಂಡೀ? ಇದೂ ಅದೇ ಹಲ್ಲೀದು, ಯವ್ವಾ.”

ಇಬ್ಬರಿಗೂ ಆಗ ಹತ್ತು ವರ್ಷ. ಓಣಿಗೆ ಹಚ್ಚೆ ಹಾಕುವ ಹೆಂಗಸು ಬಂದಿದ್ದಳಂತೆ. ಹಲ್ಲಿ ಮೈಮೇಲೆ ಬಿದ್ದರೆ ಕೆಡುಕು ಅಂತ ಅಜ್ಜಿಗೆ ವಿಪರೀತ ಭಯ. “ಕೈಮ್ಯಾಲೆ ಮೊದ್ಲೇ ಒಂದು ಕುಂತಿದ್ರ ಇನ್ನೊಂದು ಬೀಳೂದಿಲ್ಲ” ಅಂದಳಂತೆ ಆ ಹೆಂಗಸು. ಅರ್ಥ ಅಂದರೆ ಇಷ್ಟೇ! ಮರುಹುಟ್ಟೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅಜ್ಜಿಯದು ಮುಗಿದ ಮೇಲೆ ಶರೀಫಮ್ಮನೂ ಕೈ ಕೊಟ್ಟರು. ಅವರ ಮನೆಯಲ್ಲಿ ಹಚ್ಚೆ ಕೂಡದು, ಆದರೆ ಗೆಳತಿಗೆ ಇದ್ದದ್ದು ತನಗೂ ಬೇಕು. ಆ ಹೆಂಗಸು ಯಾವಾಗಲೂ ಬಾಲದಿಂದಲೇ ಶುರು ಮಾಡುವವಳು. ಮೊದಲು ಕಾಲು ಬಿಡಿಸಿದರೆ ಹಲ್ಲಿ ಓಡಿಹೋಗುತ್ತದಂತೆ. ಬಾಲ ಮುಗಿಯುವಷ್ಟರಲ್ಲಿ ಶರೀಫಮ್ಮನ ತಾಯಿ ಬಂದು ಜಡೆ ಹಿಡಿದು ಎಳೆದೊಯ್ದರು.

“ಒದಿ ಬಿದ್ವು. ಮರುದಿನ ನಿಮ್ಮಜ್ಜಿ ಬಂದು, ‘ಅಳಬ್ಯಾಡಲೇ. ನಿನ್ ಹಲ್ಲಿ ಬಾಲ ಬಿಟ್ಟು ಓಡಿ ಬಂದೈತಿ, ನನ್ ಕೈಮ್ಯಾಲೆ ಐತಿ. ಯಾವಾಗ ಬೇಕಾದ್ರೂ ಬಂದು ನೋಡ್ಕೊಂಡು ಹೋಗು’ ಅಂದ್ಲು. ಅರವತ್ ವರ್ಷ ನೋಡಾಕ ಹೋದೆ. ಈಗ ಎಲ್ಲಿಗಂತ ಹೋಗ್ಲಿ, ಕೀರ್ತನಾ?”

ಅಜ್ಜಿ ತೀರಿಹೋದ ನಷ್ಟ ನಮ್ಮ ಮನೆಗೆ ಮಾತ್ರ ಅಂದುಕೊಂಡಿದ್ದೆನಲ್ಲ ಅಂತ ನಾಚಿಕೆಯಾಯಿತು.

ಶರೀಫಮ್ಮ ಬಟ್ಟೆಗೆ ಗುರುತು ಹಾಕುವ ಬಳಪ ತೆಗೆದುಕೊಂಡು ಕೌದಿಯ ಮೇಲೇ ಬಿಡಿಸಿದರು. ದುಂಡು ತಲೆ, ಬೆನ್ನಿಗೆ ಐದು ಚುಕ್ಕೆ, ನಾಲ್ಕು ಕಾಲಿಗೂ ಮೂರು ಮೂರೇ ಬೆರಳು. ಅಜ್ಜಿಯ ಹಲ್ಲಿಯೇ! ಹಿಂಗಾಲು ಮುಗಿಸಿ ಬಳಪ ಕೆಳಗಿಟ್ಟರು.

“ಬಾಲ?”

“ಬಾಲ ಹಾಕಿಸ್ಬ್ಯಾಡ. ಅದು ನನ್ನತ್ರ ಐತಿ.”

ಆ ಚಿತ್ರದ ಫೋಟೊ ತೋರಿಸಿದರೆ ಹುಲುಗೇಶ ಗೊಣಗಿದ, ಬಾಲವಿಲ್ಲದ ಹಲ್ಲಿ ನೋಡಿದರೆ ಜನ ತನ್ನ ಕೆಲಸವನ್ನೇ ಆಡಿಕೊಳ್ಳುತ್ತಾರೆ ಅಂದ. ನಾನು ಬಗ್ಗಲಿಲ್ಲ.

ಗಾಯ ಮಾಗಿದ ಮೇಲೆ ಶರೀಫಮ್ಮನ ಮುಂದೆ ಹೋಗಿ ಕೈ ಇಟ್ಟೆ. ಅವರು ಕನ್ನಡಕ ಹಾಕಿಕೊಂಡರು. ತಮ್ಮ ಮುಂಗೈಯನ್ನು ಅದಕ್ಕೆ ತಾಗಿಸಿ, ಬಾಲ ಸರಿಯಾಗಿ ಕೂಡುವ ತನಕ ಮೆಲ್ಲಗೆ ಸರಿಸಿದರು.

“ಇಷ್ಟ್ ದಿನ ಎಲ್ಲಿಗೆ ಹೋಗಿದ್ದೆಲೇ?” ಎಂದು ಹಲ್ಲಿಯನ್ನು ಕೇಳಿದರು.