ಪೋಸ್ಟರಿನ ಕೆಳಗಿನ ಮೂಲೆ

ನನ್ನ ಸೋದರಮಾವನನ್ನು ಊರಿನವರು ಅಂಟು ಮಾವ ಎಂದೇ ಕರೆಯುತ್ತಿದ್ದರು. ಪ್ರಾಯದಲ್ಲಿ ಅವನಿಗೆ ಚಿತ್ರಮಂದಿರದ ಪೋಸ್ಟರ್ ಅಂಟಿಸುವ ಕೆಲಸ. ಸೈಕಲ್ಲಿನ ಹ್ಯಾಂಡಲಿಗೆ ಮೈದಾ ಅಂಟಿನ ಬಕೆಟ್ಟು, ಕ್ಯಾರಿಯರ್ ಮೇಲೆ ಪೋಸ್ಟರಿನ ಕಟ್ಟು, ಹೆಗಲ ಮೇಲೊಂದು ಏಣಿ. ನನಗೆ ಬುದ್ಧಿ ಬರುವ ಹೊತ್ತಿಗೆ ಚಿತ್ರಮಂದಿರ ಮುಚ್ಚಿ, ಅಲ್ಲಿ ಮಂಚ, ಕಪಾಟು ಮಾರುವ ಅಂಗಡಿ ಬಂದಿತ್ತು. ಮಾವ ಮಾತ್ರ ಪೋಸ್ಟರ್ ಬಿಟ್ಟಿರಲಿಲ್ಲ.

ಅವನ ಮನೆಗೆ ಹೋದರೆ ಕೂರಲು ಜಾಗವಿರುತ್ತಿರಲಿಲ್ಲ. ಹಾಸಿಗೆಯ ಕೆಳಗೆ ಪೋಸ್ಟರ್, ಅಟ್ಟದ ಮೇಲೆ ಪೋಸ್ಟರ್, ಟ್ರಂಕಿನ ತುಂಬ ಹಳೆಯ ಹಾಡಿನ ಪುಸ್ತಕಗಳು, ಚಿತ್ರಮಂದಿರದ ಗಾಜಿನ ಪೆಟ್ಟಿಗೆಯಲ್ಲಿ ಹಾಕುತ್ತಿದ್ದ ಫೋಟೋಗಳು. "ಈ ಮನೆ ಹೀರೋಗಳದ್ದು ಕಣೆ, ನಾನು ಬಾಡಿಗೆಗಿದೀನಿ ಅಷ್ಟೆ" ಎಂದು ಅತ್ತೆ ನಗುತ್ತಿದ್ದಳು. ದೊಡ್ಡ ಊರುಗಳಿಂದ ಸಂಗ್ರಹಕಾರರು ಬಂದು, ಒಂದೊಂದು ಪೋಸ್ಟರನ್ನೂ ಕೂಸಿನಂತೆ ಎತ್ತಿಕೊಂಡು, ನಮ್ಮ ಮಾವನಂಥ ಸಿನಿಮಾ ಹುಚ್ಚ ಇನ್ನೊಬ್ಬನಿಲ್ಲ ಎಂದು ಹೊಗಳಿ ಹೋಗುತ್ತಿದ್ದರು. ಸಿನಿಮಾ ಹುಚ್ಚಂತೆ! ಆ ಮನುಷ್ಯ ಒಂದು ಸಿನಿಮಾವನ್ನು ನೆಟ್ಟಗೆ ಕೂತು ನೋಡಿದ್ದನ್ನು ನಾನಂತೂ ಕಾಣೆ. ಹೊಸದಾಗಿ ಯಾವ ಕಟ್ಟು ಬಂದರೂ ಅವನು ಹುಡುಕುತ್ತಿದ್ದದ್ದು ಒಂದೇ ಒಂದು ಪೋಸ್ಟರನ್ನು. ಅದು ಸಿಗಲಿಲ್ಲವೆಂದು ಉಳಿದದ್ದೆಲ್ಲ ಮನೆ ತುಂಬಿತ್ತು.

ಅವರಿಗೊಬ್ಬಳು ಮಗಳಿದ್ದಳು, ಪುಟ್ಟಿ. ಅವಳಿಗೆ ಆರು ವರ್ಷವಿದ್ದಾಗ ರೈಲು ನಿಲ್ದಾಣದಲ್ಲಿ ಯಾವುದೋ ಚಿತ್ರದ ಶೂಟಿಂಗ್ ನಡೆಯಿತು. ಹೀರೋನ ತಾಯಿಯ ತೊಡೆಯ ಮೇಲೆ ಕೂರಿಸಲು ಒಂದು ಮಗು ಬೇಕಾಗಿ, ನೋಡಲು ನೆರೆದ ಜನರೊಳಗಿನಿಂದ ಪುಟ್ಟಿಯನ್ನು ಎತ್ತಿಕೊಂಡು ಹೋದರಂತೆ. ಸಂಜೆ ಬಿಸ್ಕತ್ತಿನ ಪೊಟ್ಟಣದ ಜೊತೆ ವಾಪಸು ಕೊಟ್ಟ ಮ್ಯಾನೇಜರು, "ನಿಮ್ಮ ಮಗಳು ಪೋಸ್ಟರಲ್ಲೂ ಬರ್ತಾಳೆ, ನೋಡ್ತಾ ಇರಿ" ಎಂದಿದ್ದನಂತೆ. ಆ ಚಿತ್ರ ಊರಿಗೆ ಬರುವುದರೊಳಗೆ ಪುಟ್ಟಿಗೆ ಜ್ವರ ಬಂತು. ಜ್ವರ ತಲೆಗೇರಿ ಹೋಗಿಬಿಟ್ಟಳು. ಹೊಸ ಫ್ರಾಕ್ ಹೊಲಿಸಿ ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋಗೋಣ ಎಂದುಕೊಂಡೇ ದಿನ ತಳ್ಳಿದ್ದರು. ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ.

ಚಿತ್ರಮಂದಿರದ ಮಾಲೀಕರು ಹೇಳಿ ಕಳಿಸಿದರೆಂದು ಮಾವ ಕಣ್ಣೀರು ಆರುವ ಮೊದಲೇ ಕೆಲಸಕ್ಕೆ ಹೋದ. ಅವನ ಕಸುಬಿನಲ್ಲೊಂದು ಕ್ರಮವಿತ್ತು. ಪ್ರತಿ ಪೋಸ್ಟರಿನ ಮೇಲೂ 'ದಿನಕ್ಕೆ ಮೂರು ಆಟ' ಎಂಬ ಚೀಟಿ ಅಂಟಿಸಬೇಕು. ಹೀರೋ, ಹೀರೋಯಿನ್, ಚಿತ್ರದ ಹೆಸರು, ಯಾವುದೂ ಮುಚ್ಚಬಾರದು. ಹಾಗಾಗಿ ಚೀಟಿ ಹೋಗುತ್ತಿದ್ದದ್ದು ಸಣ್ಣಪುಟ್ಟ ಪಾತ್ರಗಳಿರುವ ಕೆಳಗಿನ ಮೂಲೆಗೆ. ಆ ಮುಖಗಳನ್ನು ನೋಡಿ ಯಾರೂ ಟಿಕೆಟ್ ಕೊಳ್ಳುವುದಿಲ್ಲ ಎಂಬ ನಂಬಿಕೆ. ಅವತ್ತು ಮಾವನ ಕೈ ಕೆಲಸ ಮಾಡುತ್ತಿತ್ತು, ಕಣ್ಣು ಏನನ್ನೂ ನೋಡುತ್ತಿರಲಿಲ್ಲ. ಅಭ್ಯಾಸದ ಮೇಲೆ ಇಡೀ ಕಟ್ಟಿಗೆ ಚೀಟಿ ಅಂಟಿಸಿ, ಊರ ಗೋಡೆಗಳಿಗೆಲ್ಲ ಬಡಿದು ಬಂದ.

ಆ ಕಟ್ಟು ರೈಲು ನಿಲ್ದಾಣದಲ್ಲಿ ಶೂಟಿಂಗ್ ನಡೆದ ಚಿತ್ರದ್ದೇ. ಚಿತ್ರಮಂದಿರದಲ್ಲಿ ಟಿಕೆಟ್ ಕೊಡುವ ಹೆಂಗಸು ಕಟ್ಟು ಬಿಚ್ಚುವಾಗಲೇ ಪೋಸ್ಟರ್ ನೋಡಿದ್ದಳು. ಕೆಳಗಿನ ಮೂಲೆಯಲ್ಲಿ ತಾಯಿಯ ತೊಡೆ ಮೇಲೆ ಮಗುವಿದೆ ಎಂದು ಅವಳು ಹೇಳಿದ್ದೇ ತಡ, ಅತ್ತೆ ಬೀದಿಗೆ ಓಡಿದಳು. ಯಾವ ಗೋಡೆಗೆ ಹೋದರೂ ಆ ಜಾಗದಲ್ಲಿ ಚೀಟಿ. ಮನೆಗೆ ಬಂದು ಕೇಳಿದಳಂತೆ, "ಊರ ತುಂಬ ನನ್ನ ಮಗು ಮುಖಕ್ಕೆ ಕಾಗದ ಮೆತ್ತಿ ಬಂದಿದೀರಲ್ಲ, ಕೈ ಹೇಗೆ ಬಂತ್ರೀ ನಿಮಗೆ?" ಮಾವ ನೀರು ತೆಗೆದುಕೊಂಡು ಓಡಿದ. ಅಂಟು ಆಗಲೇ ಕಚ್ಚಿತ್ತು. ಕೆರೆದಲ್ಲೆಲ್ಲ ಚೀಟಿಯ ಜೊತೆ ಕೆಳಗಿನ ಕಾಗದವೂ ಕಿತ್ತು ಬಂತು. ಚಿತ್ರಮಂದಿರಕ್ಕೆ ಹೋಗಿ ಪರದೆಯ ಮೇಲೆ ನೋಡುವ ಗುಂಡಿಗೆ ಇಬ್ಬರಿಗೂ ಇರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಆ ಕಂಪನಿ ಮುಳುಗಿ, ರೀಲುಗಳು ಗುಜರಿ ಸೇರಿದ್ದವು. ಹುಡುಕಾಟ ಶುರುವಾದದ್ದು ಆಗ.

ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಅತ್ತೆ ಇದ್ದಕ್ಕಿದ್ದಂತೆ ನನಗೆ ಹೇಳಿದಳು, "ಕಣ್ಣು ಮುಚ್ಚಿದ್ರೆ ಪುಟ್ಟಿ ಫ್ರಾಕ್ ಕಾಣತ್ತೆ, ಜಡೆ ಕಾಣತ್ತೆ. ಮುಖ ಇರೋ ಜಾಗದಲ್ಲಿ ಏನೂ ಇಲ್ಲ ಕಣೆ. ಹೆತ್ತವಳಿಗೆ ಹೀಗಾಗತ್ತಾ?" ಒಳಕೋಣೆಯಲ್ಲಿ ಕಾಗದದ ಸದ್ದು ನಿಂತಿತು. ಮಾವ ಕೇಳಿಸಿಕೊಂಡಿದ್ದ. ಅಂದಿನಿಂದ ಅವನಿಗೆ ಊಟ ನಿದ್ದೆ ಎರಡೂ ಸೇರಲಿಲ್ಲ. ಗುರುತಿದ್ದವರು, ಇಲ್ಲದವರು, ಎಲ್ಲರಿಗೂ ಫೋನ್ ಮಾಡಿದ.

ಕಡೆಗೆ ಗುಜರಿಯವನೊಬ್ಬ, ಯಾವುದೋ ಹಂಚಿಕೆದಾರರ ಗೋದಾಮು ಖಾಲಿ ಮಾಡುವಾಗ ಸಿಕ್ಕಿತೆಂದು ತಂದುಕೊಟ್ಟ. ಯಾವ ಗೋಡೆಯನ್ನೂ ಕಾಣದ ಪೋಸ್ಟರ್, ಮಡಿಸಿದ್ದು ಮಡಿಸಿದಂತೆಯೇ ಇತ್ತು. ಒಣಗಿದ ಕಾಗದ, ಹಾಗೇ ಬಿಡಿಸಿದರೆ ಮಡಿಕೆಗಳಲ್ಲಿ ಮುರಿಯುತ್ತದೆ. ಮಾವ ಒಂದು ಡ್ರಮ್ಮಿನ ತಳಕ್ಕೆ ಒದ್ದೆ ಟವಲ್ ಹಾಸಿ, ಮೇಲೆ ಜರಡಿ ಇಟ್ಟು, ಅದರ ಮೇಲೆ ಪೋಸ್ಟರಿಟ್ಟು ಮುಚ್ಚಿದ. ತೇವ ತಾನಾಗಿ ಏರಬೇಕು. ಅತ್ತೆ ಡ್ರಮ್ಮಿನ ಪಕ್ಕ ಕೂತವಳು ಏಳಲಿಲ್ಲ. "ಬೆಂದಿದೆಯಾ ಅಂತ ಹತ್ತು ಸಲ ಮುಚ್ಚಳ ತೆಗೀಬೇಡ್ವೇ, ಅದೇನು ಅನ್ನಾನಾ?" ಎಂದು ಮಾವ ಗದರಿದ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಗೆಲುವಿತ್ತು.

ಮರುದಿನ ಬೆಳಿಗ್ಗೆ ನನ್ನೆದುರಿಗೇ ಮಂಚದ ಮೇಲೆ ಪೋಸ್ಟರ್ ಬಿಡಿಸಿದ. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಕೆಳಗಿನ ಮೂಲೆಯಲ್ಲಿ ತಾಯಿ, ತೊಡೆಯ ಮೇಲೆ ನಗುವ ಮಗು. ಅತ್ತೆ ಕನ್ನಡಕ ಒರೆಸಿ ಬಗ್ಗಿದಳು.

"ಇವಳೇ ರೀ! ನೋಡಿ, ಈ ಕೆನ್ನೆ ನೋಡಿ. ಅಯ್ಯೋ ನನ್ನ ಕಂದ, ನಿನ್ನ ಹೇಗೆ ಮರೆತೆ ನಾನು!"

ಮಾವ ತುಂಬ ಹೊತ್ತು ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, "ಹೂಂ ಕಣೇ, ಅವಳೇ" ಎಂದ.

ನನ್ನನ್ನು ಬಿಟ್ಟುಬರುವ ನೆಪದಲ್ಲಿ ಬೀದಿ ತಿರುವಿನವರೆಗೆ ಬಂದವನು ಗೋಡೆಗೊರಗಿ ನಿಂತ. "ಪುಟ್ಟಿ ಅಲ್ಲ ಕಣೆ ಅದು. ಅವಳ ಫೋಟೋನೇ ಹಾಕಿಲ್ಲ, ಪೇಂಟರ್ ಬರೆದಿದಾನೆ. ಆ ಪೇಂಟರ್ ಕೈ ನಂಗೊತ್ತು. ಹೀರೋ ಮುಖಕ್ಕೆ ವಾರ ಕೂರ್ತಿದ್ದ, ಮಕ್ಕಳಿಗೆಲ್ಲ ಒಂದೇ ಮುಖ ಬರೆದು ಕೈ ತೊಳ್ಕೊಳ್ತಿದ್ದ. ಇದೇ ಕೆನ್ನೆ, ಇದೇ ನಗು ನಮ್ಮನೇಲೇ ಇನ್ನೂ ಎಷ್ಟೋ ಪೋಸ್ಟರಲ್ಲಿದೆ. ಒಂದರಲ್ಲಂತೂ ಗಂಡು ಮಗು."

"ಅತ್ತೆಗೆ ಹೇಳ್ತೀಯಾ ಮಾವ?"

"ಏನಂತ ಹೇಳ್ಲಿ? ಆ ಖಾಲಿ ಜಾಗಾನ ಮತ್ತೆ ಅವಳ ಕೈಗೆ ಕೊಡ್ಲಾ?"

ಅದೇ ವಾರ ಆ ಪೇಂಟರ್ ಬರೆದ ಉಳಿದ ಪೋಸ್ಟರನ್ನೆಲ್ಲ ಆರಿಸಿ, ಬಂದ ಸಂಗ್ರಹಕಾರನಿಗೆ ಕೊಟ್ಟು ಕಳಿಸಿದ. ಪೋಸ್ಟರಿನ ಅಂಚು ಹರಿದರೆ ಮೈ ಹರಿದವನಂತೆ ಆಡುತ್ತಿದ್ದವನು, ತಾನೇ ಬ್ಲೇಡು ಹಿಡಿದು ಮಗುವಿದ್ದ ಆ ಮೂಲೆಯನ್ನು ಕತ್ತರಿಸಿ ಅತ್ತೆಗೆ ಗಾಜಿನ ಚೌಕಟ್ಟು ಹಾಕಿಸಿಕೊಟ್ಟ. ಅತ್ತೆ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ. ನನಗೂ ತೋರಿಸಿ, "ಮೂಗು ಥೇಟ್ ನಮ್ಮಮ್ಮಂದೇ" ಎನ್ನುತ್ತಾಳೆ. ನಾನು ಹೌದತ್ತೆ ಎನ್ನುತ್ತೇನೆ. ಹೊರಗೆ ಬಂದು ಅಳುತ್ತೇನೆ.

ಮೊನ್ನೆ ಮಾವ ಒಬ್ಬನೇ ಜಗಲಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಕೂತು, ಸಮಾಧಾನಕ್ಕೆಂದು ಕೇಳಿದೆ, "ನಿಂಗಾದ್ರೂ ಪುಟ್ಟಿ ಮುಖ ನೆನಪಿದೆಯಲ್ಲ ಮಾವ?"

"ಆ ಪೋಸ್ಟರ್ ಬಿಚ್ಚೋ ತನಕ ಇತ್ತು" ಎಂದ. "ಈಗ ಕಣ್ಣು ಮುಚ್ಚಿದ್ರೆ ನಂಗೂ ಪೇಂಟರ್ ಬರೆದ ಮುಖಾನೇ ಬರತ್ತೆ ಕಣೆ."