ಆಪಾ ಕಳಿಸದ ಮೇಲ್

ಆಪಾ ಅವರ ಬಲಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿಕೊಂಡೇ ಬೆಳೆಯುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ಹೊಲಿಗೆ ಮಿಷನ್ನಿನ ಸೂಜಿ ಆ ಬೆರಳನ್ನು ಹೊಕ್ಕು ಹೊರಬಂದಿತ್ತಂತೆ. ಅದೇ ಬೆರಳಲ್ಲಿ ಅವರು ಕೀಬೋರ್ಡ್ ಒತ್ತುವಾಗ ಟಕ್ಕೆಂದು ಬೇರೆಯೇ ಸದ್ದು ಬರುತ್ತಿತ್ತು.

ತುರುವೇಕೆರೆಯಲ್ಲಿ ಅವರಪ್ಪನ ದರ್ಜಿ ಅಂಗಡಿಯ ಮುಂಭಾಗದಲ್ಲಿ ಆಪಾ ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ವಯಸ್ಸಿನಲ್ಲಿ ದೊಡ್ಡವರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ದಂಡಿನಶಿವರದಿಂದ ಮದುವೆಯಾಗಿ ಬಂದಿದ್ದ ನಾನು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದೆ. ಎರಡು ಸಾವಿರದ ದಶಕದ ನಡುವಿನ ಕಾಲ. ತಿಪಟೂರಿನಲ್ಲಿ ಕೊಬ್ಬರಿ ಹರಾಜು ಮುಗಿದ ಕೂಡಲೇ ಫೋನಿನಲ್ಲಿ ಧಾರಣೆ ತಿಳಿದು, ಚಂದಾದಾರರಿಗೆಲ್ಲ ಈಮೇಲ್ ಮಾಡುವುದು ನಮ್ಮ ಕೆಲಸ. ಉತ್ತರ ಭಾರತದ ಕಡೆಯ ವ್ಯಾಪಾರಿಗಳಿದ್ದರು, ಸಹಕಾರ ಸಂಘಗಳಿದ್ದವು, ಹೊರ ಊರುಗಳಲ್ಲಿ ನೌಕರಿಯಲ್ಲಿದ್ದ ರೈತರ ಮಕ್ಕಳಿದ್ದರು. ಆ ಮಕ್ಕಳು ಧಾರಣೆ ನೋಡಿ ಊರಿಗೆ ಫೋನು ಮಾಡಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಅಟ್ಟದಿಂದ ಕೊಬ್ಬರಿ ಇಳಿಯುತ್ತಿತ್ತು.

ಒಂದು ವರ್ಷ ನಮ್ಮ ಮೇಲ್‌ಗಳು ಎಲ್ಲರ ಜಂಕ್ ಪೆಟ್ಟಿಗೆಗೆ, ಯಾರೂ ತೆರೆದು ನೋಡದ ಕಸದ ಜಾಗಕ್ಕೆ, ಬೀಳತೊಡಗಿದವು. ಮೇಲ್ ಕಳಿಸಲು ನಾವು ಬಳಸುತ್ತಿದ್ದ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಮನೆ ನಂಬರಿನಂಥದ್ದನ್ನು, ಇನ್ನೂ ಹಲವರು ಹಂಚಿಕೊಂಡಿದ್ದರು. ಅವರಲ್ಲಿ ಯಾರೋ ಲಾಟರಿ ಆಸೆಯ ಮೇಲ್ ಹರಿಯಬಿಟ್ಟು ಅದರ ಹೆಸರು ಕೆಡಿಸಿದ್ದರು. ಆಪಾ ನಮಗೊಬ್ಬರಿಗೇ ಮೀಸಲಾದ ಹೊಸ ವಿಳಾಸವನ್ನು ಬಾಡಿಗೆಗೆ ತೆಗೆದುಕೊಂಡರು. ಅಂದೇ ಎಲ್ಲರಿಗೂ ಕಳಿಸಲು ಹೊರಟ ನನ್ನನ್ನು ತಡೆದರು. ಹೊಸ ವಿಳಾಸದಿಂದ ಒಮ್ಮೆಲೇ ರಾಶಿ ಮೇಲ್ ಹೊರಟರೆ ಮೇಲ್ ಕಂಪನಿಗಳು ಅನುಮಾನಪಡುತ್ತವಂತೆ.

“ಬ್ಯಾಡ ಕಣಮ್ಮ. ಊರಿಗೆ ಹೊಸದಾಗಿ ಬಂದೋರು ಒಂದೇ ದಿನ ಎಲ್ಲಾರ ಬಾಗ್ಲೂ ಬಡಿದ್ರೆ ಯಾರು ತೆಗೀತಾರೆ? ದಿನಾ ಓದೋರಿಗೆ ಮೊದ್ಲು ಕಳ್ಸು. ಅವ್ರು ಓದ್ಲಿ, ಆಮ್ಯಾಲೆ ಇನ್ನೊಂದಷ್ಟು ಜನಕ್ಕೆ.”

ಹಾಗೇ ಮಾಡಿದೆವು. ಉಳಿದವರಿಗೆ ಫೋನಿನಲ್ಲೇ ಧಾರಣೆ ಹೇಳುತ್ತಿದ್ದೆವು. ಮೇಲ್ ತಲುಪದೆ ವಾಪಸು ಬಂದ ವಿಳಾಸಗಳನ್ನು ಆಪಾ ಆಗಿಂದಾಗ್ಗೆ ಅಳಿಸುತ್ತಿದ್ದರು. ಯಾರಾದರೂ ಸಾಕು ಎಂದರೆ ಮರುದಿನದವರೆಗೂ ಕಾಯುತ್ತಿರಲಿಲ್ಲ. “ಬ್ಯಾಡ ಅಂದೋರ ಮನೆಗೆ ಹೋಗಬಾರ್ದು” ಎನ್ನುವರು. ವಾರದಿಂದ ವಾರಕ್ಕೆ ಸಂಖ್ಯೆ ಏರಿಸುತ್ತಾ ಹೋದೆವು. ಮೇಲ್‌ಗಳು ಸರಿಯಾದ ಜಾಗಕ್ಕೆ ತಲುಪತೊಡಗಿದವು.

ಆಪಾಗೆ ಒಬ್ಬ ತಮ್ಮನಿದ್ದ. ತಾಯಿ ತೀರಿಕೊಂಡಾಗ ಇನ್ನೂ ತೊಟ್ಟಿಲಲ್ಲಿದ್ದ ಅವನನ್ನು ಸಾಕಿದವರು ಇವರೇ. ಅವನು ತುಮಕೂರಿನಲ್ಲಿ ದುಬೈ ಕೆಲಸ ಕೊಡಿಸುತ್ತೇನೆನ್ನುವ ಒಬ್ಬ ಏಜೆಂಟನ ಜೊತೆ ಓಡಾಡುತ್ತಿದ್ದ. ಆಪಾ ಅಪ್ಪನ ಕಣ್ಣಿನ ಆಪರೇಷನ್‌ಗೆಂದು ಆಸ್ಪತ್ರೆಯಲ್ಲಿದ್ದ ಭಾನುವಾರ, ನಾನು ತವರಿಗೆ ಹೋಗಿದ್ದಾಗ, ಅವನು ಸೆಂಟರ್ ತೆಗೆದು ಕೂತ. ನಮ್ಮ ಚಂದಾದಾರರಿಗೂ, ಏಜೆಂಟ್ ಕೊಟ್ಟ ಸಿಡಿಯಲ್ಲಿದ್ದ ಸಾವಿರಾರು ಅಪರಿಚಿತರಿಗೂ ಒಂದೇ ಏಟಿಗೆ ‘ದುಬೈನಲ್ಲಿ ಕೆಲಸ’ ಎಂಬ ಮೇಲ್ ಕಳಿಸಿಬಿಟ್ಟ.

ಸೋಮವಾರ ನಾನು ಬಂದು ನೋಡಿದರೆ ಪರದೆ ತುಂಬಾ ವಾಪಸು ಬಂದ ಮೇಲ್‌ಗಳು. ದೊಡ್ಡ ಮೇಲ್ ಕಂಪನಿಗಳು ನಮ್ಮ ವಿಳಾಸಕ್ಕೆ ತಡೆ ಹಾಕಿದ್ದವು. ಆದರೆ ತಡೆ ಬೀಳುವ ಮೊದಲೇ ನಮ್ಮ ಚಂದಾದಾರರಲ್ಲಿ ಬಹಳ ಜನಕ್ಕೆ ಅದು ತಲುಪಿಯಾಗಿತ್ತು.

“ಒಂದೇ ಒಂದು ಮೇಲ್ ಆಪಾ. ಅದ್ಕೇನಾಯ್ತೀಗ?” ಎಂದ ತಮ್ಮ.

ಆಪಾ ತುಮಕೂರಿನ ನೆಂಟರಿಗೆ ಫೋನು ಮಾಡಿ ಏಜೆಂಟನ ಬಗ್ಗೆ ವಿಚಾರಿಸಿದರು. ಸಂಜೆಗೆ ಸುದ್ದಿ ಬಂತು: ಆಫೀಸಿಗೆ ಬೀಗ, ಮನುಷ್ಯ ಪತ್ತೆಯಿಲ್ಲ. ತಮ್ಮನ ಮುಖ ಬಿಳಿಚಿಕೊಂಡಿತು. ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆಪಾ ಕೂತು, ‘ಆ ಕೆಲಸದ ಮಾತು ನಂಬಬೇಡಿ, ಪಾಸ್‌ಪೋರ್ಟ್ ಕೊಡಬೇಡಿ, ತಪ್ಪು ನಮ್ಮದು’ ಎಂದು ಬರೆದು ಕಳಿಸಿದರು. ವಾಪಸು ಬಂತು. ಮತ್ತೆ ಕಳಿಸಿದರು. ಮತ್ತೆ ವಾಪಸು.

“ಸುಳ್ಳು ಹೋಗ್ಬುಡ್ತು, ನಿಜ ಹೋಗ್ತಾ ಇಲ್ಲ ಕಣೇ” ಎಂದು ಕುರ್ಚಿಗೆ ಒರಗಿದರು. ಅವರು ಅಷ್ಟು ಸೋತು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಂಬರ್ ಇದ್ದವರಿಗೆಲ್ಲ ಫೋನು ಮಾಡಿದೆವು. ಹರಾಜಿನ ದಿನ ಇಬ್ಬರೂ ಬಸ್ಸು ಹತ್ತಿ ತಿಪಟೂರಿಗೆ ಹೋದೆವು. ಕೊಬ್ಬರಿ ಮೂಟೆಗಳ ನಡುವೆ ಆಪಾ ಬುರ್ಖಾ ಸರಿಪಡಿಸಿಕೊಳ್ಳುತ್ತಾ ವ್ಯಾಪಾರಿಗಳ ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ನಡೆದರು. “ನಮ್ ಕಡೆಯಿಂದಾನೇ ಹೋಗಿದ್ದು ಕಣ್ರೀ. ನಂಬ್ಬ್ಯಾಡಿ, ಗೊತ್ತಿರೋರ್ಗೂ ಹೇಳಿ.”

ಮಂಡಿಯವರೊಬ್ಬರು ಕೇಳಿದರು: “ನಿಮ್ಮೋರ್ಯಾರೋ ಮಾಡಿದ್ದಂತಲ್ಲ ಆಪಾ?”

“ವಿಳಾಸ ನಂದು ಕಣ್ರೀ” ಎಂದಷ್ಟೇ ಹೇಳಿ ಮುಂದಿನ ಮಂಡಿಗೆ ಹೊರಟರು.

ದಬ್ಬೇಘಟ್ಟದ ಒಬ್ಬ ಹುಡುಗನ ಮಟ್ಟಿಗೆ ನಾವು ತಡ ಮಾಡಿದ್ದೆವು. ಆ ಭಾನುವಾರ ಮೇಲ್ ನೋಡಿದ ಮಧ್ಯಾಹ್ನವೇ ಅವನು ತುಮಕೂರಿಗೆ ಹೋಗಿ ಏಜೆಂಟನ ಕೈಗೆ ಪಾಸ್‌ಪೋರ್ಟ್ ಕೊಟ್ಟು ಬಂದಿದ್ದ. ಅವನ ತಾಯಿ ಸೆಂಟರಿನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಆಪಾ ಕಳ್ಸವ್ರೆ ಅಂತ ಕೊಟ್ಟ ಕಣವ್ವಾ ನನ್ ಮಗ! ಬ್ಯಾರೆ ಯಾರಾದ್ರೂ ಆಗಿದ್ರೆ ಕೊಡ್ತಿದ್ನಾ?”

ಆಪಾ ತಲೆ ತಗ್ಗಿಸಿ ನಿಂತೇ ಇದ್ದರು. ನಾನು ನಡುವೆ ಬಾಯಿ ಹಾಕಲು ಹೋದರೆ ಕೈ ಹಿಡಿದು ಸುಮ್ಮನಾಗಿಸಿದರು. ಆಮೇಲೆ ಆ ಹುಡುಗನನ್ನು ಕರೆದುಕೊಂಡು ತುಮಕೂರಿನ ಪೊಲೀಸ್ ಠಾಣೆಗೆ ಅಲೆದರು. ಪೊಲೀಸರು ಮುಚ್ಚಿದ ಆಫೀಸಿನ ಬೀಗ ಒಡೆದಾಗ ಪಾಸ್‌ಪೋರ್ಟ್ ಸಿಕ್ಕಿತು. ಆ ತಾಯಿ ಮಾತ್ರ ನಮ್ಮ ಬೀದಿಯಲ್ಲಿ ಮತ್ತೆಂದೂ ಕಾಲಿಡಲಿಲ್ಲ.

ಕಂಪನಿಗಳಿಗೆ ಬರೆದೂ ಬರೆದೂ ತಡೆ ತೆಗೆಸಿದ ಮೇಲೆ ಆಪಾ ಮತ್ತೆ ಬೆರಳೆಣಿಕೆಯ ಓದುಗರಿಂದ ಶುರು ಮಾಡಿದರು. ಈ ಸಲ ಬಹಳ ದಿನ ಹಿಡಿಯಿತು. ಕೆಲವು ಚಂದಾದಾರರು ಬಿಟ್ಟೇ ಹೋದರು. ಮನೆಗೆ ತಮ್ಮ ಬಂದಾಗಲೆಲ್ಲ ಆಪಾ ಅವನಿಗೆ ತಟ್ಟೆ ಇಟ್ಟು ಬಡಿಸುತ್ತಿದ್ದರು. ಊಟದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಮೂತ್ರಪಿಂಡದ ಕಾಯಿಲೆ ಆಪಾ ಅವರನ್ನು ಬೇಗ ಕರೆದುಕೊಂಡು ಹೋಯಿತು. ಅವರು ಕಲಿಸಿದ ಕೆಲಸದಿಂದಲೇ ಇವತ್ತಿಗೂ ನನ್ನ ಮನೆ ನಡೆಯುತ್ತಿದೆ. ಅವರು ತೀರಿಕೊಂಡ ದಿನ ಮಣ್ಣು ಮುಗಿಸಿ ಬಂದ ತಮ್ಮ ಅಂಗಡಿಯ ಮೆಟ್ಟಿಲ ಮೇಲೆ, ನನ್ನ ಪಕ್ಕ ಕೂತ.

“ಆಪಾ ನನ್ನ ಮಾಫ್ ಮಾಡಿದ್ರಾ ಅಕ್ಕಾ? ನಿಮ್ಮತ್ರ ಏನಾದ್ರೂ ಅಂದಿದ್ರಾ?”

ಹೌದು ಎಂದುಬಿಡಬಹುದಿತ್ತು. ಆ ಮೆಟ್ಟಿಲ ಮೇಲೆ ಕೂತು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಏನೂ ಅಂದಿರ್ಲಿಲ್ಲ ಕಣಪ್ಪ. ಆದ್ರೆ ನಿನ್ ಹೆಸ್ರ ಯಾರ್ ಮುಂದೂ ಹೇಳ್ಲಿಲ್ಲ.”

ಅವನು ಮೊಣಕಾಲಿಗೆ ಮುಖ ಒತ್ತಿಕೊಂಡ. ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದರೂ ಅವನು ಏಳಲಿಲ್ಲ, ಒಬ್ಬನನ್ನೇ ಬಿಟ್ಟು ಹೋಗಲು ನನಗೂ ಆಗಲಿಲ್ಲ.