ಪಥ್ಯ ಕೆಡದ ಎರಡು ದಿನ

ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಚಾಮರಾಜನಗರದಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಶನಿವಾರ ಮುಗಿದರೆ ಮಂಗಳವಾರ ಬೆಳಿಗ್ಗೆಯವರೆಗೆ ಬಿಡುವು. ನಮಗೆ ರಜೆ ಅಂತ ಇದ್ದದ್ದು ಅಷ್ಟೇ. ಆ ಎರಡು ದಿನವೇ ಊಟದಲ್ಲಿ ಹೆಚ್ಚು ಎಚ್ಚರ ಬೇಕು, ತಿಂದದ್ದೆಲ್ಲ ರಕ್ತದಲ್ಲೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು.

ನಾನು ಅಂಗನವಾಡಿ ಟೀಚರು. ಸಮತೋಲನ ಆಹಾರದ ಪಟ ಗೋಡೆಗೆ ಹೊಡೆದು, ಸೊಪ್ಪು ತಿನ್ನಿ, ಬೇಳೆ ತಿನ್ನಿ, ಹಣ್ಣು ತಿನ್ನಿ ಎಂದು ಬಸುರಿ ಬಾಣಂತಿಯರ ಮುಂದೆ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡವಳು. ನನ್ನ ಮನೆಗೇ ಬಂದ ಕಾಯಿಲೆ ಆ ಪಟವನ್ನು ತಲೆಕೆಳಗು ಮಾಡಿತು. ಸೊಪ್ಪು ಬೇಡ, ಹಣ್ಣು ಬೇಡ, ಬೇಳೆ ಕಡಿಮೆ, ಉಪ್ಪು ಚಿಟಿಕೆ, ನೀರು ದಿನಕ್ಕೆ ಒಂದು ಲೀಟರ್. ಆಸ್ಪತ್ರೆಯಲ್ಲಿ ಕೊಟ್ಟ ಪಥ್ಯದ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದೆ. ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದ ಹಾಳೆ. ಅದರ ಒಂದು ಸಾಲನ್ನೂ ನಾನು ಮೀರಿದವಳಲ್ಲ. ನನ್ನ ಬಾಯಿಗೆ ಹೆದರಿ ನೆಂಟರು ಬರುವುದನ್ನೇ ಬಿಟ್ಟಿದ್ದರು. ಬರದಿದ್ದರೆ ಪೀಡೆ ಕಳೆಯಿತು ಅಂದುಕೊಂಡೆ.

ಯಜಮಾನರು ಬಸ್ ಡ್ರೈವರ್ ಆಗಿದ್ದವರು. ಗುಂಡ್ಲುಪೇಟೆಯಿಂದ ಬಂಡೀಪುರದ ಮೇಲೆ ಊಟಿಗೆ ವರ್ಷಗಟ್ಟಲೆ ಓಡಿಸಿದ್ದರು. "ರೋಡ್ ನೋಡ್ದೆ ಕಣಮ್ಮಿ, ಕಾಡ್ ನೋಡ್ನಿಲ್ಲ. ಒಂದ್ಸಲ ಪಕ್ಕದ ಸೀಟಲ್ ಕೂತ್ಕಂಡು ಓಗ್ಬೇಕು" ಎನ್ನುತ್ತಿದ್ದರು. ಗುಂಡ್ಲುಪೇಟೆಯಲ್ಲಿ ನನ್ನ ತಂಗಿಯ ಮನೆ, ಅವಳ ಗಂಡನಿಗೆ ಕಾರಿತ್ತು. ನನಗೆ ಬೇಸಿಗೆ ರಜೆ ಕೊಟ್ಟ ವಾರ, ಶನಿವಾರದ ಡಯಾಲಿಸಿಸ್ ಮುಗಿಸಿಕೊಂಡು ಹೊರಟೆವು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಅವರ ನೀರಿನ ಬಾಟಲಿ, ಅಳತೆಯ ಲೋಟ, ಆ ಹಾಳೆ.

ಭಾನುವಾರ ತಂಗಿ ಬೆಳಿಗ್ಗೆಯಿಂದಲೇ ಬಸ್ಸಾರಿಗೆ ಸೊಪ್ಪು ಬಿಡಿಸುತ್ತಿದ್ದಳು, ಭಾವನಿಗೆ ಇಷ್ಟ ಅಂತ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಆ ಸಾರಿನ ರುಚಿಯೆಲ್ಲ ಇರುವುದು. ಅವರಿಗೆ ಆಗದ್ದು ಇಳಿದಿರುವುದೂ ಆ ಕಟ್ಟಿನಲ್ಲೇ. ನಾನು ಪಾತ್ರೆ ಎತ್ತಿ ಪೂರ್ತಿ ಮೋರಿಗೆ ಸುರಿದೆ.

"ಅಯ್ಯೋ, ಅನ್ನ ಕಣಕ್ಕ ಅದು! ನಾವಾದ್ರೂ ಉಣ್ತಿದ್ವಲ್ಲ" ಎಂದಳು.

"ನೀವ್ ಉಣ್ತಿದ್ರೆ ಅವ್ರು ವಾಸ್ನೆ ಕುಡ್ಕಂಡ್ ಕೂತಿರ್ಬೇಕಾ?"

"ರಜಕ್ ಬಂದವ್ರೆ ಬುಡಕ್ಕ. ಒಂದಿನ ತಿಂದ್ರೆ ಏನಾದದು?"

"ಒಂದಿನ ತಿಂದ್ರೆ ಓಯ್ತರೆ ಕಣೆ" ಎಂದುಬಿಟ್ಟೆ. ಹಜಾರದಲ್ಲಿ ಕೂತಿದ್ದ ಅವರಿಗೆ ಕೇಳಿಸಿತು. ಅವರು ನಕ್ಕರು. ಎರಡು ನೀರಲ್ಲಿ ಬೇಯಿಸಿದ ಹೀರೇಕಾಯಿಯನ್ನು ಅನ್ನಕ್ಕೆ ಕಲಸಿಕೊಂಡು, ಚೆನ್ನಾಗಿದೆ ಎಂದು ಸುಳ್ಳು ಹೇಳಿ ಉಂಡೆದ್ದರು. ತಂಗಿ ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.

ಸೋಮವಾರ ಬಂಡೀಪುರಕ್ಕೆ ಹೋದೆವು, ನಾವಿಬ್ಬರು ಮತ್ತು ಕಾರು ಓಡಿಸಲು ತಂಗಿಯ ಗಂಡ. ಅವರು ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಜಿಂಕೆ ಕಂಡರೂ ಖುಷಿ, ಬರೀ ಬಿದಿರು ಮೆಳೆ ಕಂಡರೂ ಖುಷಿ. ಆದರೆ ಬಿಸಿಲು ಜೋರಾಗಿತ್ತು. ಬಾಟಲಿಯ ಅರ್ಧ ಮಾತ್ರ ಉಳಿದಿತ್ತು, ಅದು ರಾತ್ರಿಯವರೆಗೆ ಬರಬೇಕು. ತುಟಿ ಒಡೆದು ಬಿಳಿಚಿತ್ತು. ನೀರು ಕೊಡು ಎಂದು ಒಂದು ಸಲವೂ ಕೇಳಲಿಲ್ಲ. ಆ ಕೇಳದೇ ಇರುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ವಾಪಸ್ ಬರುವಾಗ ಹೊಂಗೆಮರದ ಕೆಳಗೆ ಎಳನೀರು ರಾಶಿ ಹಾಕಿದ್ದರು. ನಾನೇ ಕಾರು ನಿಲ್ಲಿಸಲು ಹೇಳಿದೆ. ಹಾಳೆಯನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ ಓದಿಕೊಂಡೆ. ಎಳನೀರು ಎಂದು ಎಲ್ಲೂ ಇರಲಿಲ್ಲ. ಎಳನೀರು ಯಾವ ರೋಗಿಗೆ ಆಗುವುದಿಲ್ಲ? ಮಕ್ಕಳಿಗೆ ಭೇದಿಯಾದರೆ ಎಳನೀರು ಕೊಡಿ ಎಂದು ನಾನೇ ತಾಯಂದಿರಿಗೆ ಹೇಳಿದ್ದೆ. ನೀರಿನ ಅಳತೆ ಮೀರಬಾರದು ಎಂದು ಬಾಟಲಿಯಲ್ಲಿ ಉಳಿದಿದ್ದನ್ನು ರಸ್ತೆಯ ಬದಿಗೆ ಸುರಿದೆ. ಅಷ್ಟು ಕಟ್ಟುನಿಟ್ಟು ನಾನು. ಮೊದಲನೆಯದನ್ನು ಅವರು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕುಡಿದರು. ಎರಡು ವರ್ಷದಲ್ಲಿ ಆ ಮುಖದಲ್ಲಿ ಅಂಥ ತೃಪ್ತಿ ನೋಡಿರಲಿಲ್ಲ.

"ಇನ್ನೊಂದು ಕುಡೀರಿ" ಎಂದೆ.

"ನೀನೇ ಏಳ್ತಿದ್ದೀಯಾ?" ಎಂದು ನನ್ನನ್ನೇ ಛೇಡಿಸಿ, ಅದನ್ನೂ ಕುಡಿದರು.

ಮನೆಗೆ ಬಂದು ಮಲಗಿದವರು ನಾಲ್ಕು ಗಂಟೆಯ ಹೊತ್ತಿಗೆ ಏಳಲು ಹೋದರು, ಆಗಲಿಲ್ಲ. "ಕಾಲು ಬತ್ತಿಲ್ಲ ಕಣಮ್ಮಿ" ಎಂದರು. ಊರಿನ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಡಾಕ್ಟರು ಇಸಿಜಿ ತೆಗೆಸಿ ನೋಡಿ, ಇಂಜೆಕ್ಷನ್ ಕೊಟ್ಟು, ಚಾಮರಾಜನಗರಕ್ಕೆ ಕರೆದೊಯ್ಯಬೇಕು ಎಂದರು. ತಂಗಿಯ ಗಂಡ ಆಂಬುಲೆನ್ಸ್ ಕರೆಯಲು ಹೊರಗೆ ಓಡಿದ.

"ಏನ್ ಕೊಟ್ರಿ ತಿನ್ನಕ್ಕೆ?" ಎಂದರು ಡಾಕ್ಟರು.

ಕೊಡದೇ ಇದ್ದದ್ದನ್ನೆಲ್ಲ ಹೇಳತೊಡಗಿದೆ. ಉಪ್ಪು ಕೊಟ್ಟಿಲ್ಲ, ಹಣ್ಣು ಕೊಟ್ಟಿಲ್ಲ, ಬಸ್ಸಾರಿನ ಕಟ್ಟನ್ನು ಮೋರಿಗೆ ಚೆಲ್ಲಿದೆ. ಹಾಳೆ ತೆಗೆದು ಕೈಗೆ ಕೊಟ್ಟೆ. ಬಿಸಿಲಿಗೆ ಎರಡು ಎಳನೀರು, ಅಷ್ಟೇ ಸಾರ್, ಎಂದೆ.

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. "ತೆಂಗಿನ ನೀರು ನಿಷಿದ್ಧ ಅಂತ ಇದೆಯಲ್ಲಮ್ಮ. ಅದರಲ್ಲಿರೋ ಪೊಟ್ಯಾಸಿಯಂ ಹಾರ್ಟ್ ನಿಲ್ಲಿಸುತ್ತೆ."

ಆ ಸಾಲು ನನಗೆ ಬಾಯಿಪಾಠ ಬರುತ್ತಿತ್ತು. ಅಡುಗೆಗೆ, ಪೂಜೆಗೆ ಕಾಯಿ ಒಡೆದಾಗಲೆಲ್ಲ ಅದರ ನೀರನ್ನು ಹನಿಯೂ ಬಿಡದಂತೆ ಚೆಲ್ಲಿದ್ದೆ, ಎರಡು ವರ್ಷ. ನಮ್ಮ ಕಡೆ ಎಳನೀರನ್ನು ತೆಂಗಿನ ನೀರು ಅನ್ನುವವರು ಯಾರಿದ್ದಾರೆ? ಹಾಳೆ ಬರೆದವರನ್ನು ಮನಸಾರೆ ಬೈದೆ. ಬೈದು ಏನು ಬಂತು. ಎರಡನೆಯದನ್ನು ಕುಡೀರಿ ಅಂದವಳು ನಾನು.

ಆಂಬುಲೆನ್ಸಿಗೆ ಹತ್ತಿಸುವ ಮೊದಲೇ ಜೀವ ಹೋಯಿತು. ಹೊರಗೆ ಇನ್ನೂ ಬಿಸಿಲಿತ್ತು.

ಮಣ್ಣು ಮಾಡಿ ಬಂದ ಮೂರನೆಯ ದಿನ, ಮನೆಯಲ್ಲಿ ಯಾರೂ ಇಲ್ಲದಾಗ ತಂಗಿ ಬಂದು ನನ್ನ ಕಾಲು ಹಿಡಿದುಕೊಂಡಳು. "ನಿಂಗ್ ಕಾಣ್ದಂಗೆ ಭಾನ್ವಾರ ಭಾವಂಗೆ ಒಂದ್ ಬಾಳೆಹಣ್ ಕೊಟ್ಬುಟ್ಟೆ ಕಣಕ್ಕ. ಚಿಕ್ಕುದು. ಸಾರ್ನೂ ಚೆಲ್ಬುಟ್ಲಲ್ಲ ಅಂತ ಒಟ್ಟೆ ಉರ್ದೋಯ್ತು. ನಾನೇ ನನ್ ಕೈಯಾರ ಸಾಯಿಸ್ಬುಟ್ಟೆ."

ಆಗ ಹೇಳಬಹುದಿತ್ತು. ಡಾಕ್ಟರ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಜೊತೆಯಲ್ಲಿ ಎಳನೀರು ಕುಡಿದ ಅವಳ ಗಂಡನಿಗೂ ಅದರ ಮೇಲೆ ಅನುಮಾನವಿರಲಿಲ್ಲ. ಹೇಳಬೇಕು ಎಂದು ಬಾಯಿ ತೆರೆದೆ, ದೇವರಾಣೆ ತೆರೆದೆ. ಆದರೆ ಆ ಮೂರು ದಿನ ನನ್ನ ಎದೆಯ ಮೇಲೆ ಕೂತಿದ್ದ ಭಾರವನ್ನು ಇನ್ನೊಬ್ಬಳು ತಾನಾಗಿಯೇ ಬಂದು ಎತ್ತಿಕೊಳ್ಳುತ್ತಿದ್ದಳು.

ಅವಳ ತಲೆಯ ಮೇಲೆ ಕೈಯಿಟ್ಟು, "ಓಗ್ಲಿ ಏಳು. ನಾನೇನೂ ಮನ್ಸಲ್ ಇಟ್ಕಂಡಿಲ್ಲ" ಎಂದೆ.

"ನಿಂದು ದೊಡ್ ಮನ್ಸು ಕಣಕ್ಕ" ಎಂದು ಅವಳು ಇನ್ನಷ್ಟು ಅತ್ತಳು. ಆ ಮಾತನ್ನೂ ನಾನು ಬೇಡ ಅನ್ನಲಿಲ್ಲ.